ಬಾವಿ ಬತ್ತಿದ್ದು ಬರದಿಂದಲೇ?

ನಿವೃತ್ತಿಯ ನಂತರ ಭಾನುವಾರದ ಬೆಳಗಿನ ಎರಡು ತಾಸುಗಳನ್ನು ನಮ್ಮ ಬಡಾವಣೆಯ ವಾಚನಾಲಯದ ಹಿಂದಿನ ಕೋಣೆಯಲ್ಲಿ ಕಳೆಯುವುದು ನನ್ನ ರೂಢಿ. ನಾಗರಿಕ ಸೇವಾ ಪರೀಕ್ಷೆಗೆ ಓದುತ್ತಿರುವ ಏಳೆಂಟು ಮಂದಿ ತರುಣ ತರುಣಿಯರು ಅಲ್ಲಿಗೆ ಬರುತ್ತಾರೆ. ಶುಲ್ಕವಿಲ್ಲ, ಹಾಜರಿಯಿಲ್ಲ, ಒಂದು ಪ್ರಶ್ನೆಪತ್ರಿಕೆಯನ್ನು ನಡುವೆ ಇಟ್ಟುಕೊಂಡು ವಾದ ಮಾಡುವುದಷ್ಟೇ ನಮ್ಮ ಪಾಠಕ್ರಮ. ಕೆಲವು ವಾರಗಳ ಹಿಂದೆ ನಾನೇ ಬರೆದುಕೊಂಡು ಹೋಗಿದ್ದ ಪ್ರಶ್ನೆಯೊಂದು ಹೀಗಿತ್ತು: “ತೀವ್ರ ಬರಗಾಲ ಬಂದರೆ ಊರಿನ ತೆರೆದ ಬಾವಿಗಳು ಬತ್ತುತ್ತವೆ. ಈ ಊರಿನ ತೆರೆದ ಬಾವಿಗಳು ಬತ್ತಿವೆ. ಆದ್ದರಿಂದ ಈ ಊರಿಗೆ ತೀವ್ರ ಬರಗಾಲ ಬಂದಿದೆ. ಈ ವಾದದಲ್ಲಿರುವ ದೋಷ ಯಾವುದು?”

ಬೆಂಗಳೂರಿನಲ್ಲೇ ಬೆಳೆದ ಇಬ್ಬರು ಹುಡುಗರು ದೋಷವೇನೂ ಇಲ್ಲವೆಂದರು. ಮೂರನೆಯವನು ಕೋಚಿಂಗ್ ತರಗತಿಯಲ್ಲಿ ಕಲಿತಿದ್ದ ಇಂಗ್ಲಿಷ್ ಹೆಸರೊಂದನ್ನು ಥಟ್ಟನೆ ಹೇಳಿದ. ಆ ಹೆಸರಿನ ಅರ್ಥವೇನು, ಇಲ್ಲಿ ಅದು ಹೇಗೆ ಅನ್ವಯಿಸುತ್ತದೆ ಎಂದು ಕೇಳಿದಾಗ ತಡವರಿಸಿದ. ಗದಗ ಜಿಲ್ಲೆಯ ಹಳ್ಳಿಯಿಂದ ಬಂದು ಇಲ್ಲಿ ಪೇಯಿಂಗ್ ಗೆಸ್ಟ್ ಆಗಿರುವ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮೂರಾಗ ಬಾವಿ ಬತ್ತಿದ್ದು ಮಳಿ ಇಲ್ಲದ್ದಕ್ಕ ಅಲ್ರೀ ಸರ. ಬಾಜೂ ಹೊಲದಾಗ ನಾಕು ಬೋರ್ ಹೊಡಿಸಿದ್ರು. ಆ ವರ್ಷ ಮಳಿ ಚಲೋನ ಆಗಿತ್ತು” ಎಂದಳು. ನಾನು ಹೌದೆನ್ನುವ ಮೊದಲೇ ತಾನೇ ಹಿಂದೆ ಸರಿದು, “ಆದ್ರ ಹೊರಗಿನ ವಿಷಯ ತರಬಾರದು ಅಂತ ಕ್ಲಾಸಿನ್ಯಾಗ ಹೇಳ್ಯಾರ್ರಿ” ಎಂದು ಬಾಯಿ ಮುಚ್ಚಿಕೊಂಡಳು.

ಸರಿಯಾದ ಉತ್ತರವನ್ನು ಕೊಟ್ಟವಳು ಅವಳೊಬ್ಬಳೇ. ಅದನ್ನು ಹಿಂದಕ್ಕೆ ಪಡೆದವಳೂ ಅವಳೇ.

“ಹೊರಗಿನ ತಿಳಿವಳಿಕೆಯನ್ನು ತರಬೇಡಿ” ಎಂಬುದು ತಾರ್ಕಿಕ ಪ್ರಶ್ನೆಗಳನ್ನು ಕಲಿಸುವ ಎಲ್ಲ ಕೋಚಿಂಗ್ ಕೇಂದ್ರಗಳ ಮೊದಲ ಸೂತ್ರ. ಅದು ಅರ್ಧ ಸತ್ಯ. ಕೊಟ್ಟ ಹೇಳಿಕೆಗಳು ನಿಜವೋ ಸುಳ್ಳೋ ಎಂದು ತಕರಾರು ಮಾಡಬಾರದು. ನಿರ್ಣಯವು ನಮಗೆ ಒಪ್ಪಿಗೆಯಾಗಿದೆ ಎಂಬ ಕಾರಣಕ್ಕೆ ವಾದವನ್ನು ಸರಿ ಎನ್ನಬಾರದು. ಇಲ್ಲಿಯವರೆಗೆ ಸೂತ್ರ ಸರಿಯಾಗಿದೆ. ನಮ್ಮ ಊರಿಗೆ ನಿಜವಾಗಿಯೂ ಬರಗಾಲ ಬಂದಿದ್ದರೂ ಮೇಲಿನ ವಾದ ದೋಷಪೂರ್ಣವೇ. ನಿರ್ಣಯ ಸತ್ಯವಾಗಿರುವುದು ಬೇರೆ, ಆ ನಿರ್ಣಯಕ್ಕೆ ಹೋದ ದಾರಿ ಸರಿಯಾಗಿರುವುದು ಬೇರೆ. ಆದರೆ ದಾರಿ ಸರಿಯಿಲ್ಲವೆಂದು ಗುರುತಿಸುವುದು ಹೇಗೆ? ಹೇಳಿಕೆಗಳೆಲ್ಲ ನಿಜವಾಗಿದ್ದೂ ನಿರ್ಣಯ ಸುಳ್ಳಾಗುವಂತಹ ಒಂದು ಸನ್ನಿವೇಶವನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬೇಕು. ಆ ಸನ್ನಿವೇಶ ಪ್ರಶ್ನೆಯೊಳಗೆ ಇರುವುದಿಲ್ಲ. ಅದು ಹೊರಗಿನಿಂದಲೇ ಬರಬೇಕು. ಆ ಹುಡುಗಿಗೆ ಅದು ಬಾಜೂ ಹೊಲದಿಂದ ಬಂತು.

ತಿಳಿವಳಿಕೆಯನ್ನು ತೀರ್ಪು ಕೊಡಲು ಬಳಸುವುದಕ್ಕೂ ಪರ್ಯಾಯವನ್ನು ಹುಡುಕಲು ಬಳಸುವುದಕ್ಕೂ ಇರುವ ಈ ಅಂತರವನ್ನು ನಮ್ಮ ಪರೀಕ್ಷಾ ವ್ಯವಸ್ಥೆ ಮರೆತಿದೆ ಎಂಬುದು ನನ್ನ ದೂರು. ಮರೆವಿನ ಬೆಲೆ ಒಂದೆರಡು ಅಂಕಗಳಷ್ಟೇ ಆಗಿದ್ದರೆ ಈ ಲೇಖನದ ಅಗತ್ಯವಿರಲಿಲ್ಲ. ಹೀಗೆ ಆಯ್ಕೆಯಾದವರು ಮುಂದೆ ಕಡತಗಳ ಮೇಲೆ ಸಹಿ ಹಾಕುತ್ತಾರೆ.

ಹಾಕಿದವರಲ್ಲಿ ನಾನೂ ಒಬ್ಬ. ಸುಮಾರು ಎರಡು ದಶಕಗಳ ಹಿಂದೆ, ಜಿಲ್ಲೆಯೊಂದರಲ್ಲಿ ಉಪವಿಭಾಗಾಧಿಕಾರಿಯಾಗಿದ್ದಾಗ, ಬೋಗಸ್ ಪಡಿತರ ಚೀಟಿಗಳನ್ನು ತಿಂಗಳೊಳಗೆ ಪತ್ತೆ ಹಚ್ಚಿ ರದ್ದು ಮಾಡಬೇಕೆಂಬ ಆದೇಶ ಬಂದಿತ್ತು. ನನ್ನ ಮುಂದೆ ಬಂದ ಟಿಪ್ಪಣಿಯ ಸಾರಾಂಶ ಇಷ್ಟು: ಬೋಗಸ್ ಚೀಟಿ ಹೊಂದಿದವರು ವಾಸದ ದಾಖಲೆ ತೋರಿಸಲಾರರು, ಪಟ್ಟಿಯಲ್ಲಿರುವ ಇನ್ನೂರಕ್ಕೂ ಹೆಚ್ಚು ಕುಟುಂಬಗಳು ನೋಟಿಸ್ ಕೊಟ್ಟರೂ ವಾಸದ ದಾಖಲೆ ತೋರಿಸಿಲ್ಲ, ಆದ್ದರಿಂದ ಅವು ಬೋಗಸ್. ಆಹಾರ ನಿರೀಕ್ಷಕರು ಅಂಚಿನಲ್ಲಿ “ಸ್ಥಳ ತನಿಖೆ ಅಗತ್ಯ” ಎಂದು ಷರಾ ಬರೆದಿದ್ದರು. ಗಡುವಿಗೆ ನಾಲ್ಕು ದಿನ ಉಳಿದಿತ್ತು. ನಾನು ಷರಾವನ್ನು ಓದಿ, ಅದರ ಕೆಳಗೆ ಸಹಿ ಹಾಕಿದೆ.

ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದವನು ನಾನು. ಎರಡು ಸಂಗತಿಗಳು ಜೊತೆಯಾಗಿ ಕಂಡಮಾತ್ರಕ್ಕೆ ಒಂದು ಇನ್ನೊಂದರ ಕಾರಣವಾಗದು ಎಂದು ಸಂಖ್ಯಾಶಾಸ್ತ್ರದ ಪತ್ರಿಕೆಯಲ್ಲಿ ಬರೆದು ಅಂಕ ಪಡೆದವನು. ಆದರೂ ಬಾವಿಯ ವಾದಕ್ಕೂ ಈ ಟಿಪ್ಪಣಿಗೂ ಎಳ್ಳಷ್ಟೂ ವ್ಯತ್ಯಾಸವಿಲ್ಲವೆಂದು ನನಗೆ ಅಂದು ಹೊಳೆಯಲಿಲ್ಲ. ದಾಖಲೆ ಇಲ್ಲದಿರಲು ಬೋಗಸ್ ಆಗಿರುವುದೊಂದೇ ಕಾರಣವಲ್ಲ. ಆ ಕುಟುಂಬಗಳಲ್ಲಿ ಹೆಚ್ಚಿನವರು ಅಕ್ಕಿ ಗಿರಣಿಗಳ ಹಿಂದಿನ ಶೆಡ್ಡುಗಳಲ್ಲಿದ್ದ ಹಮಾಲರು. ಶೆಡ್ಡಿನ ಮಾಲೀಕರು ಬಾಡಿಗೆ ವಸೂಲು ಮಾಡುತ್ತಿದ್ದರೇ ಹೊರತು ರಸೀದಿ ಕೊಡುತ್ತಿರಲಿಲ್ಲ. ಕೊಟ್ಟರೆ ತೆರಿಗೆ ಕಟ್ಟಬೇಕಾಗುತ್ತಿತ್ತು. ಇದು ಆ ಊರಿನ ಚಹದಂಗಡಿಯಲ್ಲಿ ಕುಳಿತ ಯಾರನ್ನು ಕೇಳಿದರೂ ತಿಳಿಯುತ್ತಿತ್ತು.

ಕೆಲವು ವಾರಗಳ ನಂತರ ಹೆಣ್ಣುಮಗಳೊಬ್ಬಳು ಕಚೇರಿಗೆ ಬಂದು ಅಂಗನವಾಡಿಯಲ್ಲಿ ಮಗುವಿನ ತೂಕ ಬರೆದುಕೊಟ್ಟಿದ್ದ ಚೀಟಿಯನ್ನು ನನ್ನ ಮೇಜಿನ ಮೇಲಿಟ್ಟಳು. ಮೂರು ವರ್ಷಗಳ ಕಾಲ ತಿಂಗಳು ತಿಂಗಳೂ ಅದೇ ಅಂಗನವಾಡಿ, ಅದೇ ಮಗು. ಆಕೆ ಅಲ್ಲಿಯೇ ವಾಸವಿದ್ದಾಳೆಂಬುದಕ್ಕೆ ಅದಕ್ಕಿಂತ ಬಲವಾದ ದಾಖಲೆ ಬೇಕಿರಲಿಲ್ಲ. ಆದರೆ ನಮ್ಮ ನಮೂನೆಯಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ. ಮರುತನಿಖೆಯಾಗಿ ಚೀಟಿಗಳು ಮರಳಿ ಸಿಗುವ ಹೊತ್ತಿಗೆ ಐದು ತಿಂಗಳು ಕಳೆದಿತ್ತು. ಆ ಐದು ತಿಂಗಳ ಅಕ್ಕಿಯನ್ನು ಹಿಂದಿನ ದಿನಾಂಕದಿಂದ ಕೊಡಲು ನಿಯಮದಲ್ಲಿ ಅವಕಾಶವಿರಲಿಲ್ಲ.

ಹಳೆಯ ಕಥೆಯೆನ್ನಬೇಡಿ. 2024ರ ನವೆಂಬರ್‌ನಲ್ಲಿ ನಮ್ಮ ರಾಜ್ಯದಲ್ಲಿ ಬಿಪಿಎಲ್ ಚೀಟಿಗಳ ರದ್ದತಿ ದೊಡ್ಡ ವಿವಾದವಾಗಿ, ಸರ್ಕಾರಿ ನೌಕರರನ್ನೂ ಆದಾಯ ತೆರಿಗೆ ಪಾವತಿದಾರರನ್ನೂ ಬಿಟ್ಟು ಉಳಿದವರ ಚೀಟಿಗಳನ್ನು ಮರಳಿಸುವಂತೆ ಮುಖ್ಯಮಂತ್ರಿಗಳೇ ಸೂಚಿಸಬೇಕಾಯಿತು. ಆದಾಯ ತೆರಿಗೆಯ ವಿವರ ಸಲ್ಲಿಸುವವನೆಲ್ಲ ತೆರಿಗೆ ಕಟ್ಟುವವನಲ್ಲ. ಆಟೋ ಕೊಳ್ಳಲು ಬ್ಯಾಂಕ್ ಸಾಲ ಬೇಕೆಂದು ವಿವರ ಸಲ್ಲಿಸಿದವನೂ ಇರಬಹುದು. ಕಂಪ್ಯೂಟರ್ ಪಟ್ಟಿಗೆ ಈ ಪರ್ಯಾಯ ಹೊಳೆಯದು. ಪಟ್ಟಿಯನ್ನು ಓದುವವನಿಗೆ ಹೊಳೆಯಬೇಕು.

ಅದು ಹೊಳೆಯುವವರನ್ನು ಆರಿಸುವುದಕ್ಕಾಗಿಯೇ, ಸಿದ್ಧಾಂತದ ಮಟ್ಟದಲ್ಲಿ, ಕೇಂದ್ರ ಲೋಕಸೇವಾ ಆಯೋಗವು 2011ರಲ್ಲಿ ಪ್ರಿಲಿಮಿನರಿ ಪರೀಕ್ಷೆಯ ಐಚ್ಛಿಕ ವಿಷಯದ ಪತ್ರಿಕೆಯನ್ನು ಕೈಬಿಟ್ಟು, ಸಿಸ್ಯಾಟ್ ಎಂದು ಹೆಸರಾದ ಎರಡನೆಯ ಪತ್ರಿಕೆಯನ್ನು ತಂದಿತು. 80 ಪ್ರಶ್ನೆ, 200 ಅಂಕ, ಎರಡು ಗಂಟೆ. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಮೂರನೆಯ ಒಂದು ಭಾಗ ಕಡಿತ. ಗದ್ಯಖಂಡವೊಂದನ್ನು ಕೊಟ್ಟು ಅದರಿಂದ ಹೊರಡುವ ಅತ್ಯಂತ ತರ್ಕಬದ್ಧ ನಿರ್ಣಯ ಯಾವುದು, ಲೇಖಕ ಹೇಳದೆಯೇ ಒಪ್ಪಿಕೊಂಡ ಪೂರ್ವಗ್ರಹೀತ ಯಾವುದು ಎಂದು ಕೇಳುವುದು ಈ ಪತ್ರಿಕೆಯ ಜೀವಾಳ. ನಾನು ಅಂದು ಈ ಬದಲಾವಣೆಯನ್ನು ಮನಸಾರೆ ಸ್ವಾಗತಿಸಿದ್ದೆ. ನಮ್ಮ ಕಾಲದ ಐಚ್ಛಿಕ ಪತ್ರಿಕೆಗಳು ಪರೀಕ್ಷಿಸುತ್ತಿದ್ದುದು ಬಹುಮಟ್ಟಿಗೆ ನೆನಪಿನ ಶಕ್ತಿಯನ್ನು. ಬೇಡಿಕೆಯ ನಿಯಮದ ಅಪವಾದಗಳನ್ನು ನಾನು ಇಂದಿಗೂ ನಿದ್ದೆಯಲ್ಲಿ ಹೇಳಬಲ್ಲೆ.

ಮೂರೇ ವರ್ಷಗಳಲ್ಲಿ, 2014ರ ಬೇಸಗೆ ಮುಗಿಯುವ ಹೊತ್ತಿಗೆ, ದೆಹಲಿಯ ಬೀದಿಗಳಲ್ಲಿ ಹಿಂದಿ ಮಾಧ್ಯಮದ ಅಭ್ಯರ್ಥಿಗಳು ಸಿಸ್ಯಾಟ್ ವಿರುದ್ಧ ಚಳವಳಿಗಿಳಿದರು. ಆಗ ಎರಡೂ ಕಡೆಯವರು ಮಂಡಿಸಿದ ವಾದಗಳನ್ನೇ ಒಂದು ಪ್ರಶ್ನೆಪತ್ರಿಕೆಗೆ ಹಾಕಬಹುದು. ಚಳವಳಿಗಾರರು ಹೇಳಿದರು: 2011ರಲ್ಲಿ ಸಿಸ್ಯಾಟ್ ಬಂತು, ಆಮೇಲೆ ಹಿಂದಿ ಮತ್ತು ಇತರ ಭಾರತೀಯ ಭಾಷೆಗಳ ಮಾಧ್ಯಮದಿಂದ ಆಯ್ಕೆಯಾಗುವವರು ಕಡಿಮೆಯಾದರು, ಆದ್ದರಿಂದ ಸಿಸ್ಯಾಟೇ ಕಾರಣ. ಅವರ ಸಂಕಟ ನಿಜ, ಅನುಮಾನಕ್ಕೂ ಆಧಾರವಿತ್ತು. ಆದರೆ 2013ರಲ್ಲಿ ಮುಖ್ಯ ಪರೀಕ್ಷೆಯ ಸ್ವರೂಪವೂ ಬದಲಾಗಿ ಐಚ್ಛಿಕ ವಿಷಯಗಳು ಎರಡರಿಂದ ಒಂದಕ್ಕೆ ಇಳಿದಿದ್ದವು, ಸಾಮಾನ್ಯ ಅಧ್ಯಯನದ ಪತ್ರಿಕೆಗಳು ಎರಡರಿಂದ ನಾಲ್ಕಕ್ಕೆ ಏರಿದ್ದವು. ಇಳಿಕೆಯಲ್ಲಿ ಯಾವುದರ ಪಾಲೆಷ್ಟು ಎಂದು ತಿಳಿಯಲು ಪರೀಕ್ಷೆಗೆ ಕುಳಿತವರೆಷ್ಟು, ಪ್ರಿಲಿಮಿನರಿ ದಾಟಿದವರೆಷ್ಟು, ಮುಖ್ಯ ಪರೀಕ್ಷೆಯಲ್ಲಿ ಉಳಿದವರೆಷ್ಟು ಎಂದು ಮಾಧ್ಯಮವಾರು ಬೇರೆಬೇರೆಯಾಗಿ ನೋಡಬೇಕು.

ಸಿಸ್ಯಾಟ್ ಪರವಾಗಿದ್ದವರ ವಾದ ಇನ್ನೂ ಸರಳವಾಗಿತ್ತು: ಎಲ್ಲರಿಗೂ ಒಂದೇ ಪತ್ರಿಕೆ, ಆದ್ದರಿಂದ ಎಲ್ಲರಿಗೂ ಸಮಾನ ಪರೀಕ್ಷೆ. ಇದಕ್ಕೆ ಉತ್ತರವಾಗಿ ಚಳವಳಿಗಾರರು ಎತ್ತಿ ತೋರಿಸಿದ ಉದಾಹರಣೆ ಆಗ ಪತ್ರಿಕೆಗಳಲ್ಲೆಲ್ಲ ಬಂದಿತ್ತು: ಉಕ್ಕಿನ ಕಾರ್ಖಾನೆ ಎಂಬ ಅರ್ಥದ ‘ಸ್ಟೀಲ್ ಪ್ಲಾಂಟ್’ ಎನ್ನುವುದು ಹಿಂದಿ ಅನುವಾದದಲ್ಲಿ ಲೋಹದ ಗಿಡವಾಗಿತ್ತಂತೆ. ಒಂದೇ ಪತ್ರಿಕೆ ಎಂಬ ಹೇಳಿಕೆಯಿಂದ ಸಮಾನತೆಯೆಂಬ ನಿರ್ಣಯಕ್ಕೆ ಹಾರುವಾಗ ನಡುವೆ ಬಿಟ್ಟುಹೋದ ಹೊಂಡ ಅದು.

ಸರ್ಕಾರ ಹೊಂಡವನ್ನು ಮುಚ್ಚಲಿಲ್ಲ, ಬಳಸು ದಾರಿ ಹಿಡಿಯಿತು. 2014ರ ಆಗಸ್ಟ್‌ನಲ್ಲಿ ಇಂಗ್ಲಿಷ್ ಗ್ರಹಿಕೆಯ ಪ್ರಶ್ನೆಗಳ ಅಂಕವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವೆಂದಿತು. 2015ರಿಂದ ಇಡೀ ಪತ್ರಿಕೆಯನ್ನು ಶೇ 33 ಅಂಕ ಪಡೆದರೆ ಸಾಕೆಂಬ ಅರ್ಹತಾ ಪತ್ರಿಕೆಯಾಗಿಸಿತು. ಮಾನವಿಕ ವಿಷಯಗಳನ್ನು ಓದಿದವರಿಗೂ ಗ್ರಾಮೀಣ ಅಭ್ಯರ್ಥಿಗಳಿಗೂ ಆ ಕ್ಷಣಕ್ಕೆ ಇದರಿಂದ ಸಮಾಧಾನವಾಯಿತೆಂಬುದು ನಿಜ. ಆದರೆ ದೋಷಪೂರ್ಣ ವಾದವನ್ನು ಗುರುತಿಸುವ ಶಕ್ತಿಯು ಅಂದಿನಿಂದ ಹೊಸ್ತಿಲು ದಾಟಲು ಬೇಕಾದ ಚೀಟಿಯಾಯಿತು. ರ‍್ಯಾಂಕಿಗೆ ಅದರ ಲೆಕ್ಕವಿಲ್ಲ. 200ಕ್ಕೆ 66 ಗಳಿಸಲು ಬೇಕಾದಷ್ಟನ್ನು ಮಾತ್ರ ಕಲಿಯುವುದು ವಿವೇಕವಾಯಿತು. 2023ರ ಪತ್ರಿಕೆ ವಿಪರೀತ ಕಠಿಣವಾಗಿತ್ತೆಂದು ಅಭ್ಯರ್ಥಿಗಳು ಕೇಂದ್ರೀಯ ಆಡಳಿತ ನ್ಯಾಯಮಂಡಳಿಯ ಮೆಟ್ಟಿಲೇರಿದಾಗ ಅವರ ಬೇಡಿಕೆ ಶೇ 33ನ್ನು ಶೇ 23ಕ್ಕೆ ಇಳಿಸಬೇಕೆಂಬುದಾಗಿತ್ತು. ಪ್ರಶ್ನೆಗಳ ಗುಣದ ಬಗ್ಗೆ ನಡೆಯಬೇಕಿದ್ದ ಚರ್ಚೆ ಶೇಕಡಾವಾರಿನ ಚೌಕಾಸಿಯಲ್ಲಿ ಮುಗಿಯಿತು.

ವಿಷಯದ ಪರಿಚಯಕ್ಕೂ ತರ್ಕಕ್ಕೂ ಸಂಬಂಧವಿಲ್ಲವೆಂದು ನಂಬುವವರು ಮನೋವಿಜ್ಞಾನದ ಹಳೆಯ ಪ್ರಯೋಗವೊಂದನ್ನು ನೋಡಬೇಕು. 1966ರಲ್ಲಿ ಪೀಟರ್ ವೇಸನ್ ಎಂಬ ಇಂಗ್ಲೆಂಡಿನ ವಿದ್ವಾಂಸರು ಪ್ರಕಟಿಸಿದ ಒಗಟು ಕನ್ನಡದಲ್ಲಿ ಹೇಳುವುದಾದರೆ ಹೀಗೆ: ಮೇಜಿನ ಮೇಲೆ ನಾಲ್ಕು ಕಾರ್ಡುಗಳಿವೆ; ಪ್ರತಿಯೊಂದರ ಒಂದು ಬದಿಯಲ್ಲಿ ಅಕ್ಷರ, ಇನ್ನೊಂದು ಬದಿಯಲ್ಲಿ ಸಂಖ್ಯೆ. ನಮಗೆ ಕಾಣುವ ಬದಿಗಳಲ್ಲಿ ಇರುವುದು ‘ಅ’, ‘ಕ’, 4 ಮತ್ತು 7. “ಒಂದು ಬದಿಯಲ್ಲಿ ಸ್ವರಾಕ್ಷರವಿದ್ದರೆ ಇನ್ನೊಂದು ಬದಿಯಲ್ಲಿ ಸಮಸಂಖ್ಯೆ ಇರುತ್ತದೆ” ಎಂಬ ನಿಯಮ ನಿಜವೇ ಎಂದು ಪರೀಕ್ಷಿಸಲು ಯಾವ ಕಾರ್ಡುಗಳನ್ನು ತಿರುಗಿಸಬೇಕು? ಓದುಗರು ಒಂದು ಕ್ಷಣ ಯೋಚಿಸಲಿ. ಬಹುತೇಕರು ‘ಅ’ ಮತ್ತು 4 ಎನ್ನುತ್ತಾರೆ. ಸರಿಯುತ್ತರ ‘ಅ’ ಮತ್ತು 7. 4ರ ಹಿಂದೆ ವ್ಯಂಜನವಿದ್ದರೂ ನಿಯಮಕ್ಕೆ ಭಂಗವಿಲ್ಲ. 7ರ ಹಿಂದೆ ಸ್ವರವಿದ್ದರೆ ನಿಯಮ ಮುರಿಯಿತು. ಈ ಬಗೆಯ ಪ್ರಯೋಗಗಳಲ್ಲಿ ಸರಿಯಾಗಿ ಉತ್ತರಿಸುವವರು ಸಾಮಾನ್ಯವಾಗಿ ಹತ್ತರಲ್ಲೊಬ್ಬರು.

1982ರಲ್ಲಿ ಗ್ರಿಗ್ಸ್ ಮತ್ತು ಕಾಕ್ಸ್ ಎಂಬವರು ಅಮೆರಿಕದ ವಿದ್ಯಾರ್ಥಿಗಳಿಗೆ ಇದೇ ಒಗಟನ್ನು ವೇಷ ಬದಲಿಸಿ ಕೊಟ್ಟರು. ಬಿಯರ್ ಕುಡಿಯುವವನಿಗೆ 19 ವರ್ಷ ಮೀರಿರಬೇಕು ಎಂಬುದು ನಿಯಮ. ಒಬ್ಬ ಬಿಯರ್ ಕುಡಿಯುತ್ತಿದ್ದಾನೆ, ಒಬ್ಬ ಕೋಕ್ ಕುಡಿಯುತ್ತಿದ್ದಾನೆ, ಒಬ್ಬನಿಗೆ 22 ವರ್ಷ, ಒಬ್ಬನಿಗೆ 16. ಯಾರನ್ನು ವಿಚಾರಿಸಬೇಕು? ಸುಮಾರು ಮುಕ್ಕಾಲು ಪಾಲು ವಿದ್ಯಾರ್ಥಿಗಳು ಬಿಯರಿನವನನ್ನೂ ಹದಿನಾರರವನನ್ನೂ ಎಂದು ಸರಿಯಾಗಿಯೇ ಹೇಳಿದರು. ತರ್ಕ ಒಂದೇ, ಬದಲಾದದ್ದು ಸನ್ನಿವೇಶದ ಪರಿಚಯ. ಹಾಗಿರುವಾಗ ಪ್ರಶ್ನೆಯ ಸನ್ನಿವೇಶ ಯಾರ ಜಗತ್ತಿನದು ಎಂಬುದು ಗೌಣ ಸಂಗತಿಯಲ್ಲ. ಕಾರ್ಪೊರೇಟ್ ಸಂಸ್ಥೆಯ ಷೇರುದಾರರ ಸಭೆಯನ್ನು ಕುರಿತ ಗದ್ಯಖಂಡದಲ್ಲಿ ಅಡಗಿದ ದೋಷವನ್ನು ಒಬ್ಬ ಹುಡುಗ ನಿಮಿಷದಲ್ಲಿ ಹಿಡಿಯಬಹುದು. ಕೊಳವೆಬಾವಿಯ ದೋಷವನ್ನು ಇನ್ನೊಬ್ಬಳು ಅದಕ್ಕಿಂತ ಬೇಗ ಹಿಡಿಯಬಹುದು. ಇಬ್ಬರಲ್ಲಿ ಯಾರು ಹೆಚ್ಚು ತಾರ್ಕಿಕರೆಂದು ಒಂದೇ ಬಗೆಯ ಗದ್ಯಖಂಡಗಳಿಂದ ನಿರ್ಣಯಿಸುವುದು ಸ್ವತಃ ಒಂದು ದೋಷಪೂರ್ಣ ಅನುಮಾನ.

ನಮ್ಮ ಹಳೆಯ ತಾರ್ಕಿಕರಿಗೆ ಇದು ತಿಳಿದಿತ್ತು. ತರ್ಕಸಂಗ್ರಹವನ್ನು ಪಾಠಶಾಲೆಯಲ್ಲಿ ಓದಿದವರಿಗೆ ನೆನಪಿರಬಹುದು: ಹೊಗೆಯಿದ್ದಲ್ಲಿ ಬೆಂಕಿಯುಂಟು ಎನ್ನುವುದು ಸರಿ, ಬೆಂಕಿಯಿದ್ದಲ್ಲೆಲ್ಲ ಹೊಗೆಯುಂಟು ಎನ್ನುವುದು ತಪ್ಪು. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಬೆಂಕಿಯಿಂದ ಹೊಗೆ ಬರಬೇಕಾದರೆ ಸೌದೆ ಹಸಿಯಾಗಿರಬೇಕು. ವಾದ ಮಾಡುವವನು ಬಾಯಿಬಿಟ್ಟು ಹೇಳದ ಈ ಹಸಿ ಸೌದೆಗೆ ಅವರು ‘ಉಪಾಧಿ’ ಎಂದು ಹೆಸರಿಟ್ಟರು. ಸಿಸ್ಯಾಟ್ ಪತ್ರಿಕೆ ಪೂರ್ವಗ್ರಹೀತ ಎಂದು ಕೇಳುವುದು ಹೆಚ್ಚುಕಡಿಮೆ ಇದನ್ನೇ. ಗಮನಿಸಬೇಕಾದದ್ದು, ಒಲೆ ಊದಿ ಕಣ್ಣು ಕೆಂಪಾಗಿಸಿಕೊಂಡವರಿಗೆ ಹಸಿ ಸೌದೆಯ ಉಪಾಧಿಯನ್ನು ಯಾರೂ ಕಲಿಸಬೇಕಿಲ್ಲ. ಗ್ಯಾಸಿನ ಒಲೆಯ ಮುಂದೆ ಬೆಳೆದವರಿಗೆ ಕಲಿಸಬೇಕು.

ಕಾಕತಾಳೀಯ ಎಂಬ ಮಾತನ್ನು ನಾವು ದಿನನಿತ್ಯ ಬಳಸುತ್ತೇವೆ: ಕಾಗೆ ಕುಳಿತದ್ದಕ್ಕೂ ತಾಳೆಹಣ್ಣು ಬಿದ್ದದ್ದಕ್ಕೂ ಸಂಬಂಧವಿಲ್ಲ. (ನಾನು ವರ್ಗವಾಗಿ ಹೋದ ವರ್ಷವೇ ಒಂದು ಜಿಲ್ಲೆಯ ಎಸ್ಎಸ್ಎಲ್‌ಸಿ ಫಲಿತಾಂಶ ಏರಿತ್ತು, ಬೀಳ್ಕೊಡುಗೆಯ ಭಾಷಣಗಳಲ್ಲಿ ಕಾಗೆಗೆ ಹಾರ ಹಾಕಲಾಯಿತು.) ಸ್ಥಾಲೀಪುಲಾಕ ನ್ಯಾಯವೂ ಹಾಗೆಯೇ. ಒಂದಗುಳು ಹಿಸುಕಿ ಅನ್ನ ಬೆಂದಿದೆ ಎನ್ನಬಹುದು, ಆದರೆ ಪಾತ್ರೆಗೆಲ್ಲ ಒಂದೇ ಸಮನೆ ಉರಿ ತಾಗಿದ್ದರೆ ಮಾತ್ರ. ಜೀಪು ಹೋಗುವ ಹಳ್ಳಿಗಳನ್ನಷ್ಟೇ ತಪಾಸಣೆ ಮಾಡಿ ತಾಲ್ಲೂಕಿನ ವರದಿ ಬರೆದವರಿಗೆಲ್ಲ ತಳದ ಅನ್ನ ಸೀದದ್ದು ಗೊತ್ತಾಗುವುದಿಲ್ಲ.

ಇನ್ನು ಭಾಷೆಯ ಮಾತು. ತಾರ್ಕಿಕ ಪ್ರಶ್ನೆ ನಿಂತಿರುವುದೇ ಎಲ್ಲ, ಕೆಲವು, ಮಾತ್ರ, ಹೊರತು, ಇಲ್ಲ ಎಂಬ ಪುಟ್ಟ ಪದಗಳ ಮೇಲೆ. “ಎಲ್ಲ ಅರ್ಜಿಗಳೂ ವಿಲೇವಾರಿಯಾಗಿಲ್ಲ” ಎಂದು ಕಡತದಲ್ಲಿ ಬರೆದರೆ ಒಂದೂ ಆಗಿಲ್ಲವೆಂದೇ, ಕೆಲವು ಉಳಿದಿವೆಯೆಂದೇ? ಮಾತನಾಡುವಾಗ ದನಿಯ ಏರಿಳಿತದಿಂದ ತಿಳಿಯುವುದು ಅಚ್ಚಿನಲ್ಲಿ ತಿಳಿಯುವುದಿಲ್ಲ. ಒಮ್ಮೆ ಇಂತಹ ಒಂದು ವಾಕ್ಯದ ಮೇಲೆ ನಮ್ಮ ಕಚೇರಿಗೂ ಮೇಲಿನ ಕಚೇರಿಗೂ ಎರಡು ತಿಂಗಳು ಪತ್ರವ್ಯವಹಾರ ನಡೆದಿತ್ತು. “ಹತ್ತು ವರ್ಷ ಸೇವೆ ಸಲ್ಲಿಸಿದವರು ಮಾತ್ರ ಬಡ್ತಿಗೆ ಅರ್ಹರು” ಎಂದರೆ ಹತ್ತು ವರ್ಷವಾಗದವರು ಅರ್ಹರಲ್ಲ ಎಂದಷ್ಟೇ ಅರ್ಥ; ಹತ್ತು ವರ್ಷವಾದವರೆಲ್ಲ ಅರ್ಹರು ಎಂದಲ್ಲ. ಈ ಎರಡರ ನಡುವಿನ ಗೊಂದಲದಿಂದ ನ್ಯಾಯಾಲಯಕ್ಕೆ ಹೋದ ನೌಕರರನ್ನು ನಾನು ಕಂಡಿದ್ದೇನೆ. “ಕೆಲವು ಅಧಿಕಾರಿಗಳು ಪ್ರಾಮಾಣಿಕರು” ಎಂದು ಮಂತ್ರಿಯೊಬ್ಬರು ಹೇಳಿದರೆ ಉಳಿದವರು ಅಲ್ಲವೆಂದು ಸಭೆಯೆಲ್ಲ ನಗುತ್ತದೆ. ತರ್ಕಶಾಸ್ತ್ರದಲ್ಲಿ ಕೆಲವು ಎಂದರೆ ಕನಿಷ್ಠ ಒಂದು, ಎಲ್ಲವೂ ಆಗಿರಬಹುದು. ಆಡುಮಾತಿನ ‘ಕೆಲವು’ ಮತ್ತು ಪರೀಕ್ಷೆಯ ‘ಕೆಲವು’ ಬೇರೆ ಎಂಬುದನ್ನು ಅಭ್ಯರ್ಥಿಗೆ ಯಾರಾದರೂ ಅವನ ಭಾಷೆಯಲ್ಲಿಯೇ ಹೇಳಬೇಕಲ್ಲವೇ?

ಹೇಳುವ ಏರ್ಪಾಡಿಲ್ಲ. ಸಂವಿಧಾನದ ಎಂಟನೆಯ ಪರಿಚ್ಛೇದದ ಭಾಷೆಗಳಲ್ಲಿ, ಎಂದರೆ ಕನ್ನಡದಲ್ಲಿಯೂ, ಮುಖ್ಯ ಪರೀಕ್ಷೆಯನ್ನು ಬರೆಯಬಹುದು. ಆದರೆ ಅಲ್ಲಿಗೆ ತಲುಪಲು ದಾಟಬೇಕಾದ ಪ್ರಿಲಿಮಿನರಿಯ ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಸೂಕ್ಷ್ಮವಾಗಿ ತರ್ಕಿಸಬೇಕಾದ ಘಟ್ಟದಲ್ಲಿ ಪರಭಾಷೆ, ವಿಸ್ತಾರವಾಗಿ ಬರೆಯಬೇಕಾದ ಘಟ್ಟದಲ್ಲಿ ಸ್ವಭಾಷೆ ಎಂಬ ಈ ಕ್ರಮ ತಲೆಕೆಳಗಾದುದು. ಹಾಗೆಂದು ಅನುವಾದ ಮಾಡಿಬಿಟ್ಟರೆ ಮುಗಿಯಿತೆಂದಲ್ಲ. ನಮ್ಮದೇ ರಾಜ್ಯದ ಲೋಕಸೇವಾ ಆಯೋಗ 2024ರ ಆಗಸ್ಟ್ 27ರಂದು ನಡೆಸಿದ ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳ ಪೂರ್ವಭಾವಿ ಪರೀಕ್ಷೆಯ ಕನ್ನಡ ಪ್ರಶ್ನೆಗಳು ಅನುವಾದ ದೋಷದಿಂದಾಗಿ ಅರ್ಥವಾಗದಂತಿದ್ದವೆಂದು ಮರುಪರೀಕ್ಷೆಗೆ ಆದೇಶವಾಯಿತು; ಡಿಸೆಂಬರ್ 29ರ ಮರುಪರೀಕ್ಷೆಯಲ್ಲೂ ಅದೇ ದೂರು ಮರುಕಳಿಸಿತು. ಇತಿಹಾಸದ ಪ್ರಶ್ನೆಯಲ್ಲಿ ಪದವೊಂದು ತಪ್ಪಿದರೆ ಅಭ್ಯರ್ಥಿ ಊಹಿಸಿಯಾದರೂ ಉತ್ತರಿಸಬಹುದು. ತಾರ್ಕಿಕ ಪ್ರಶ್ನೆಯಲ್ಲಿ ‘ಮಾತ್ರ’ ಬಿಟ್ಟುಹೋದರೆ ಅದು ಬೇರೆಯದೇ ಪ್ರಶ್ನೆ.

ಈ ಕೊರತೆಗಳ ಮೇಲೆ ಬೆಳೆದಿರುವ ಕೋಚಿಂಗ್ ಉದ್ಯಮದ ಜಾಹೀರಾತುಗಳನ್ನು ನಾನು ನಮ್ಮ ಭಾನುವಾರದ ತರಗತಿಯಲ್ಲಿ ಅಭ್ಯಾಸ ಪಾಠವಾಗಿ ಬಳಸುತ್ತೇನೆ. ದೋಷಪೂರ್ಣ ತರ್ಕವನ್ನು ಗುರುತಿಸಲು ಕಲಿಸುತ್ತೇವೆ ಎನ್ನುವವರ ಜಾಹೀರಾತೇ ಒಳ್ಳೆಯ ಮಾದರಿ. 2022ರ ನಾಗರಿಕ ಸೇವಾ ಪರೀಕ್ಷೆಯಲ್ಲಿ ಆಯೋಗವು ನೇಮಕಕ್ಕೆ ಶಿಫಾರಸು ಮಾಡಿದವರು 933 ಮಂದಿ. ತಮ್ಮಲ್ಲಿ ಕಲಿತವರೆಂದು ಬೇರೆಬೇರೆ ಸಂಸ್ಥೆಗಳು ಹೇಳಿಕೊಂಡ ಸಂಖ್ಯೆಯನ್ನು ಕೂಡಿಸಿದರೆ ಮೂರು ಸಾವಿರ ದಾಟುತ್ತಿತ್ತು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ವಿಚಾರಿಸಿದಾಗ ಹೊರಬಿದ್ದ ಸಂಗತಿಯೆಂದರೆ, ಜಾಹೀರಾತಿನಲ್ಲಿ ಭಾವಚಿತ್ರವಿದ್ದ ಅನೇಕರು ಸಂದರ್ಶನಕ್ಕೆ ಮುನ್ನ ಉಚಿತ ಅಣಕು ಸಂದರ್ಶನಕ್ಕಷ್ಟೇ ಬಂದಿದ್ದವರು. ಪ್ರಿಲಿಮಿನರಿ ಮತ್ತು ಮುಖ್ಯ ಪರೀಕ್ಷೆಯನ್ನು ಅವರು ಅದಾಗಲೇ ತಾವಾಗಿ ದಾಟಿಯಾಗಿತ್ತು. ಹಲವು ಸಂಸ್ಥೆಗಳಿಗೆ ದಂಡ ಬಿತ್ತು, 2024ರ ನವೆಂಬರ್‌ನಲ್ಲಿ ಮಾರ್ಗಸೂಚಿಯೂ ಬಂತು. ಆದರೂ ಜಾಹೀರಾತಿನಲ್ಲಿ ಸಾಮಾನ್ಯವಾಗಿ ಕಾಣದ ಅಂಕಿಯೊಂದಿದೆ: ಶುಲ್ಕ ಕಟ್ಟಿ ಸೇರಿದವರು ಒಟ್ಟು ಎಷ್ಟು? ಛೇದವಿಲ್ಲದ ಅಂಶವನ್ನು ನೋಡಿ ಭಿನ್ನರಾಶಿಯ ಬೆಲೆ ಹೇಳುವವರಿಲ್ಲ. ಲಕ್ಷಾಂತರ ರೂಪಾಯಿ ಕಟ್ಟುವ ತಂದೆ ತಾಯಂದಿರಿದ್ದಾರೆ.

ಕೊನೆಯದಾಗಿ ಕೀ ಉತ್ತರಗಳ ಪ್ರಶ್ನೆ. ಇಡೀ ಆಯ್ಕೆ ಪ್ರಕ್ರಿಯೆ ಮುಗಿದ ಮೇಲಷ್ಟೇ ಕೀ ಉತ್ತರಗಳನ್ನು ಪ್ರಕಟಿಸುವುದು ಕೇಂದ್ರ ಲೋಕಸೇವಾ ಆಯೋಗದ ದೀರ್ಘಕಾಲದ ಪದ್ಧತಿಯಾಗಿತ್ತು. ಪ್ರಿಲಿಮಿನರಿಯ ನಂತರ ತಾತ್ಕಾಲಿಕ ಕೀ ಉತ್ತರಗಳನ್ನು ಪ್ರಕಟಿಸಿ ಆಕ್ಷೇಪಣೆ ಆಹ್ವಾನಿಸುವುದಾಗಿ 2025ರ ಅಕ್ಟೋಬರ್‌ನಲ್ಲಿ ಅದು ಸುಪ್ರೀಂ ಕೋರ್ಟ್‌ಗೆ ತಿಳಿಸಿದ್ದು ಸ್ವಾಗತಾರ್ಹ. ಆದರೆ ಪ್ರತಿ ಆಕ್ಷೇಪಣೆಗೆ ಮೂರು ಅಧಿಕೃತ ಆಧಾರಗಳನ್ನು ಕೊಡಬೇಕೆಂಬ ಷರತ್ತು ಅದರಲ್ಲಿತ್ತು. ತುಂಗಭದ್ರಾ ನದಿಯ ಉಗಮಸ್ಥಾನದ ಬಗ್ಗೆ ಮೂರು ಗ್ರಂಥಗಳನ್ನು ತೋರಿಸಬಹುದು. “ಈ ಗದ್ಯಖಂಡದಿಂದ ಇಂತಹ ನಿರ್ಣಯ ಹೊರಡುವುದಿಲ್ಲ” ಎಂಬುದಕ್ಕೆ ಯಾವ ಗ್ರಂಥ? ಅಲ್ಲಿ ಆಧಾರವೆಂದರೆ ವಾದವೇ. ಆದ್ದರಿಂದ ತಾರ್ಕಿಕ ಪ್ರಶ್ನೆಗಳ ಮಟ್ಟಿಗಾದರೂ ಆಯೋಗವು ಉತ್ತರದ ಜೊತೆಗೆ ಎರಡು ಸಾಲು ಕಾರಣವನ್ನೂ ಪ್ರಕಟಿಸಬೇಕು: ಈ ಆಯ್ಕೆ ಏಕೆ ಸರಿ, ಉಳಿದ ಮೂರು ಏಕೆ ತಪ್ಪು. ಆಕ್ಷೇಪಿಸುವವನಿಂದಲೂ ಎರಡು ಸಾಲು ಕಾರಣವನ್ನೇ ಕೇಳಬೇಕು. ಕಾರಣ ಬರೆಯಲು ಕುಳಿತಾಗ ಪ್ರಶ್ನೆ ರಚಿಸಿದವರಿಗೇ ತಮ್ಮ ಪ್ರಶ್ನೆಯ ದುರ್ಬಲತೆ ಕಾಣುವುದುಂಟು. ಷರಾ ಬರೆದು ಕಾರಣ ಬರೆಯದ ಕಡತಗಳನ್ನು ನೋಡಿದವರಿಗೆ ಇದು ಗೊತ್ತು.

ಇದು ಅತಿಯಾದ ನಿರೀಕ್ಷೆಯೆನ್ನುವವರು ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ ಕ್ಲ್ಯಾಟ್‌ನ ಗತಿಯನ್ನು ನೋಡಲಿ. 2024ರ ಡಿಸೆಂಬರ್ 1ರಂದು ನಡೆದ ಪರೀಕ್ಷೆಯ ಎರಡು ಕೀ ಉತ್ತರಗಳು ತಪ್ಪೆಂದು ಅದೇ ತಿಂಗಳು ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಹೇಳಿತು. ವ್ಯಾಜ್ಯ ಬೆಳೆದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾಗಬೇಕಾಯಿತು. ಹದಿನೆಂಟರ ಹುಡುಗ ಹುಡುಗಿಯರು ಅರ್ಧ ವರ್ಷ ಕಾದರು. ನಾಲ್ಕು ಆಯ್ಕೆಗಳಲ್ಲಿ ಯಾವುದು ಸರಿ ಎಂದು ನಿರ್ಣಯಿಸಲು ದೇಶದ ಅತ್ಯುನ್ನತ ನ್ಯಾಯಾಲಯಕ್ಕೆ ಹೋಗಬೇಕಾದ ಪ್ರಶ್ನೆಗೆ ಅಭ್ಯರ್ಥಿಗೆ ಸಿಕ್ಕಿದ್ದು ಒಂದು ನಿಮಿಷ.

ಗದಗಿನ ಹುಡುಗಿ ಈಗ ಪ್ರತಿ ವಾರ ತಾನೇ ಒಂದೆರಡು ಪ್ರಶ್ನೆಗಳನ್ನು ರಚಿಸಿಕೊಂಡು ಬರುತ್ತಾಳೆ. ಸಹಕಾರ ಸಂಘದ ಸಾಲ, ಶೇಂಗಾದ ದರ, ಬಸ್ಸಿನ ವೇಳಾಪಟ್ಟಿ. ಕಳೆದ ವಾರದ ಒಂದರಲ್ಲಿ ನಾನೇ ಸೋತೆ. ಆದರೆ ಆಯೋಗದ ಹಳೆಯ ಪತ್ರಿಕೆಗಳನ್ನು ಬಿಡಿಸುವಾಗ ಅವಳು ಪ್ರತಿ ಪ್ರಶ್ನೆಯನ್ನೂ ಮೊದಲು ಅಂಚಿನಲ್ಲಿ ಪೆನ್ಸಿಲಿನಿಂದ ಕನ್ನಡಕ್ಕೆ ಇಳಿಸಿಕೊಳ್ಳುತ್ತಾಳೆ. ಇಳಿಸಿಕೊಂಡದ್ದು ಸರಿಯಾದರೆ ಉತ್ತರ ತಪ್ಪುವುದು ಅಪರೂಪ. ಗಡಿಯಾರ ಹಿಡಿದು ನೋಡಿದೆ. ಪ್ರಶ್ನೆಯೊಂದಕ್ಕೆ ಅವಳಿಗೆ ಬೇಕಾಗುವುದು ಸುಮಾರು ಎರಡೂವರೆ ನಿಮಿಷ. 80 ಪ್ರಶ್ನೆಗಳಿಗೆ ಎರಡು ಗಂಟೆಯೆಂದರೆ ಆಯೋಗ ಕೊಡುವುದು ಒಂದೂವರೆ.